ಕ್ಲೌಡ್‌ಗೆ ಸ್ಥಳಾಂತರ: ಹೊಣೆಗಾರಿಕೆ ಕಂಪನಿಯದೇ

ಕಚೇರಿಯ ಹಿಂಬದಿಯ ಕೊಠಡಿಯಲ್ಲೊಂದು ಸರ್ವರ್, ಅದಕ್ಕೊಂದು ಯುಪಿಎಸ್, ವರ್ಷವರ್ಷವೂ ನವೀಕರಿಸುವ ನಿರ್ವಹಣಾ ಒಪ್ಪಂದ: ಅನೇಕ ಮಧ್ಯಮ ಗಾತ್ರದ ಕಂಪನಿಗಳ ಗಣಕ ವ್ಯವಸ್ಥೆ ದೀರ್ಘಕಾಲ ಇಷ್ಟೇ ಆಗಿತ್ತು. ಆ ಸರ್ವರ್ ಹಳತಾದಾಗ, ಹೊಸದನ್ನು ಕೊಳ್ಳುವ ಬದಲು ಕ್ಲೌಡ್‌ಗೆ ಸ್ಥಳಾಂತರಗೊಳ್ಳುವ ಪ್ರಸ್ತಾವ ಆಡಳಿತ ಮಂಡಳಿಯ ಮುಂದೆ ಬರುತ್ತದೆ. ಪ್ರಸ್ತಾವ ಸ್ವಾಗತಾರ್ಹವೇ. ಆದರೆ ಅದನ್ನು ಗಣಕ ವಿಭಾಗದ ಮತ್ತೊಂದು ಖರೀದಿಯೆಂದು ಭಾವಿಸಿ ಸಹಿ ಹಾಕುವುದು ಸರಿಯಲ್ಲ. ಯಂತ್ರವನ್ನು ಬಾಡಿಗೆಗೆ ಪಡೆಯಬಹುದು. ಲೆಕ್ಕಪತ್ರಗಳ ಹೊಣೆಯನ್ನು ಬೇರೆಯವರಿಗೆ ವಹಿಸಲಾಗದು.

ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. 2013ರ ಕಂಪನಿ ಕಾಯ್ದೆಯ 128ನೇ ಕಲಮಿನಂತೆ ಲೆಕ್ಕಪುಸ್ತಕಗಳನ್ನು ಕನಿಷ್ಠ 8 ಹಣಕಾಸು ವರ್ಷಗಳ ಕಾಲ ಕಾಪಾಡಬೇಕು. ವಿದ್ಯುನ್ಮಾನ ರೂಪದ ಲೆಕ್ಕಪುಸ್ತಕಗಳ ಬ್ಯಾಕಪ್ ಭಾರತದೊಳಗಿನ ಸರ್ವರ್‌ನಲ್ಲಿರಬೇಕು. 2022ರ ಆಗಸ್ಟ್‌ನ ತಿದ್ದುಪಡಿಯಿಂದ ಅದು ಪ್ರತಿದಿನದ ಕೆಲಸವಾಗಿದೆ. ಕ್ಲೌಡ್ ಸೇವೆ ನೀಡುವ ಸಂಸ್ಥೆಯ ಹೆಸರು, ಸ್ಥಳ ಹಾಗೂ ಐಪಿ ವಿಳಾಸವನ್ನು ಪ್ರತಿವರ್ಷ ಹಣಕಾಸು ತಃಖ್ತೆಗಳೊಂದಿಗೆ ಕಂಪನಿ ರಿಜಿಸ್ಟ್ರಾರರಿಗೆ ತಿಳಿಸಬೇಕು. 2023ರ ಏಪ್ರಿಲ್ 1ರಿಂದ, ಲೆಕ್ಕದಲ್ಲಿ ಮಾಡಿದ ಪ್ರತಿಯೊಂದು ಬದಲಾವಣೆಯ ಜಾಡನ್ನು ದಾಖಲಿಸುವ ತಂತ್ರಾಂಶವೂ ಕಡ್ಡಾಯ. ಅದು ವರ್ಷವಿಡೀ ಚಾಲನೆಯಲ್ಲಿತ್ತೇ ಎಂಬುದನ್ನು ಲೆಕ್ಕಪರಿಶೋಧಕರು ತಮ್ಮ ವರದಿಯಲ್ಲಿ ತಿಳಿಸಬೇಕಾಗುತ್ತದೆ.

ಸ್ಥಳಾಂತರದ ಅವಸರದಲ್ಲಿ ಮರೆಯುವುದು ಇದನ್ನೇ. ಬಾಕಿಗಳು ಹೊಸ ವ್ಯವಸ್ಥೆಗೆ ಬರುತ್ತವೆ. ಹಳೆಯ ಸರ್ವರ್‌ನಲ್ಲಿದ್ದ ಬದಲಾವಣೆಗಳ ಜಾಡು ಅಲ್ಲೇ ಉಳಿದು, ಯಂತ್ರದೊಂದಿಗೆ ಗುಜರಿ ಸೇರುತ್ತದೆ. ಆದ್ದರಿಂದ ಹಣಕಾಸು ವರ್ಷದ ಆರಂಭದಲ್ಲಿ ಸ್ಥಳಾಂತರಗೊಳ್ಳುವುದು, ಎರಡೂ ವ್ಯವಸ್ಥೆಗಳ ತಾಳೆಪಟ್ಟಿಗಳನ್ನು ಹೋಲಿಸಿ ಸಹಿ ಪಡೆಯುವುದು, ಹಳೆಯ ದತ್ತಾಂಶವನ್ನು ಓದಬಲ್ಲ ರೂಪದಲ್ಲಿ ಕಾದಿರಿಸುವುದು ಕ್ಷೇಮಕರ.

ವೆಚ್ಚದ ಹೋಲಿಕೆಯೂ ಪ್ರಾಮಾಣಿಕವಾಗಿರಬೇಕು. ಕಂಪನಿ ಕಾಯ್ದೆಯ 2ನೇ ಅನುಸೂಚಿಯಲ್ಲಿ ಸರ್ವರ್‌ನ ಉಪಯುಕ್ತ ಆಯುಷ್ಯ 6 ವರ್ಷ. ಆ ಅವಧಿಯ ವಿದ್ಯುತ್, ಹವಾನಿಯಂತ್ರಣ, ಬ್ಯಾಟರಿ ಹಾಗೂ ಸಿಬ್ಬಂದಿಯ ವೆಚ್ಚವನ್ನು ಒಂದು ಕಡೆ, ಕ್ಲೌಡ್‌ನ 72 ತಿಂಗಳ ಬಿಲ್ಲನ್ನು ಇನ್ನೊಂದು ಕಡೆ ಇಟ್ಟು ನೋಡಬೇಕು. ಯಾರೂ ಬಳಸದೆ ಚಾಲನೆಯಲ್ಲಿ ಬಿಟ್ಟ ಯಂತ್ರಕ್ಕೂ ಕ್ಲೌಡ್‌ನಲ್ಲಿ ಹಣ ತೆರಬೇಕಾಗುತ್ತದೆ. ಪ್ರತಿ ತಿಂಗಳ ಬಿಲ್ಲನ್ನು ಪರಿಶೀಲಿಸುವ ಅಧಿಕಾರಿಯೊಬ್ಬರನ್ನು ಮೊದಲೇ ನೇಮಿಸದಿದ್ದರೆ, ನಿರೀಕ್ಷಿಸಿದ ಉಳಿತಾಯ ಕಾಗದದ ಮೇಲಷ್ಟೇ ಉಳಿಯುತ್ತದೆ.

ಅಪಾಯಗಳು ಕಾಲ್ಪನಿಕವಲ್ಲ. 2021ರ ಮಾರ್ಚ್ 10ರಂದು ಫ್ರಾನ್ಸ್‌ನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಸಂಸ್ಥೆಯ ದತ್ತಾಂಶ ಕೇಂದ್ರ ಬೆಂಕಿಗೆ ಆಹುತಿಯಾದಾಗ, ಬೇರೆ ಊರಿನಲ್ಲಿ ಪ್ರತಿ ಇಟ್ಟುಕೊಂಡಿರದ ಗ್ರಾಹಕರು ತಮ್ಮ ದತ್ತಾಂಶವನ್ನು ಶಾಶ್ವತವಾಗಿ ಕಳೆದುಕೊಂಡರು. 2025ರ ಜುಲೈನಲ್ಲಿ, ಯುರೋಪಿಯನ್ ಒಕ್ಕೂಟದ ನಿರ್ಬಂಧಗಳ ಹಿನ್ನೆಲೆಯಲ್ಲಿ, ಗುಜರಾತಿನಲ್ಲಿ ತೈಲ ಸಂಸ್ಕರಣಾಗಾರ ನಡೆಸುವ ನಯಾರಾ ಎನರ್ಜಿಗೆ ಮೈಕ್ರೋಸಾಫ್ಟ್ ಸೇವೆ ಸ್ಥಗಿತಗೊಂಡಿತು. ಕಂಪನಿ ದೆಹಲಿ ಉಚ್ಚ ನ್ಯಾಯಾಲಯದ ಮೊರೆಹೋಯಿತು. ಅನಂತರ ಸೇವೆ ಪುನರಾರಂಭವಾಯಿತು. ಅಷ್ಟು ದೊಡ್ಡ ಕಂಪನಿಗೆ ನ್ಯಾಯಾಲಯದ ದಾರಿಯಿತ್ತು. ತಿಂಗಳ 20ರಂದು ಜಿಎಸ್‌ಟಿ ವಿವರಪಟ್ಟಿ ಸಲ್ಲಿಸಬೇಕಾದ ಸಣ್ಣ ಕಾರ್ಖಾನೆಗೆ ಅಷ್ಟು ದಿನ ಕಾಯುವ ಶಕ್ತಿಯಿರುವುದಿಲ್ಲ.

ಆದುದರಿಂದ ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ಹೊರಬರುವ ದಾರಿಯನ್ನು ಬರೆಸಿಕೊಳ್ಳಬೇಕು. ಸೇವೆ ನಿಂತರೆ ದತ್ತಾಂಶವನ್ನು ಯಾವ ರೂಪದಲ್ಲಿ, ಎಷ್ಟು ದಿನಗಳೊಳಗೆ, ಯಾವ ಶುಲ್ಕಕ್ಕೆ ಹಿಂದಿರುಗಿಸಲಾಗುತ್ತದೆ? ಬ್ಯಾಕಪ್ ಯಾವ ಊರಿನಲ್ಲಿದೆ? ಇಂದು ಮುಂಬೈ, ಹೈದರಾಬಾದ್, ಚೆನ್ನೈ, ಪುಣೆಗಳಲ್ಲಿ ಕ್ಲೌಡ್ ಕೇಂದ್ರಗಳಿರುವುದರಿಂದ, ದೇಶದೊಳಗೇ ಎರಡು ದೂರದ ಊರುಗಳಲ್ಲಿ ಪ್ರತಿ ಇಡುವುದು ಕಷ್ಟವಲ್ಲ. ಸೇವಾ ಸಂಸ್ಥೆಯ ಹಿಡಿತದಲ್ಲಿಲ್ಲದ ಮೂರನೆಯ ಪ್ರತಿಯೊಂದು ಕಂಪನಿಯ ಸ್ವಾಧೀನದಲ್ಲೇ ಇರಲಿ. ಆರು ತಿಂಗಳಿಗೊಮ್ಮೆ ಅದರಿಂದ ಲೆಕ್ಕಪುಸ್ತಕಗಳನ್ನು ಮರಳಿ ತೆರೆದು ನೋಡಲಿ.

128ನೇ ಕಲಮಿನ ಉಲ್ಲಂಘನೆಗೆ ವ್ಯವಸ್ಥಾಪಕ ನಿರ್ದೇಶಕರು ಹಾಗೂ ಹಣಕಾಸು ಮುಖ್ಯಸ್ಥರ ಮೇಲೆ 50 ಸಾವಿರದಿಂದ 5 ಲಕ್ಷ ರೂಪಾಯಿಯವರೆಗೆ ದಂಡ ಬೀಳಬಹುದು. ಕ್ಲೌಡ್ ಸೇವಾ ಸಂಸ್ಥೆಯ ಮೇಲಲ್ಲ. ಈ ಒಂದು ಅಂಶವನ್ನು ಮನಗಂಡರೆ, ಸ್ಥಳಾಂತರದ ಯೋಜನೆ ಗಣಕ ವಿಭಾಗದ ಕಡತದಿಂದ ಆಡಳಿತ ಮಂಡಳಿಯ ಕಾರ್ಯಸೂಚಿಗೆ ತಾನಾಗಿಯೇ ಬರುತ್ತದೆ. ಅದು ಇರಬೇಕಾದ ಜಾಗವೂ ಅದೇ.