ಕಾರವಾರದ ಕಾವಲು, ಗುಬ್ಬಿಯ ಮೊಬೈಲು

ಗುಬ್ಬಿಯ ಬಸ್ ನಿಲ್ದಾಣದಲ್ಲಿ ಪರಿಚಯದ ಗೃಹಿಣಿಯೊಬ್ಬರು ಸಿಕ್ಕಿದ್ದರು. ಅವರ ಮಗ ನೌಕಾಪಡೆ ಸೇರಿ ಎರಡು ವರ್ಷವಾಯಿತು. ‘ಹಡಗು ಈಗ ಎಲ್ಲಿದೆಯಪ್ಪಾ ಅಂದ್ರೆ ಹೇಳೋದೇ ಇಲ್ಲ ಸಾರ್. ಹೆತ್ತ ತಾಯಿ ಹತ್ರಾನೂ ಮುಚ್ಚಿಡೋದಾ?’ ಎಂದು ನೊಂದುಕೊಂಡರು. ಅಷ್ಟರಲ್ಲಿ ತುಮಕೂರಿನ ಬಸ್ಸು ಬಂತು. ನನ್ನ ಉತ್ತರ ಅರ್ಧಕ್ಕೇ ನಿಂತಿತು. ಉಳಿದರ್ಧ ಇಲ್ಲಿದೆ.

ನಮ್ಮ ರಾಜ್ಯದ ದೊಡ್ಡ ನೌಕಾನೆಲೆ ಕಾರವಾರದ ಬಳಿಯ ಐ.ಎನ್.ಎಸ್. ಕದಂಬ. 1986ರಲ್ಲಿ ಶಂಕುಸ್ಥಾಪನೆಯಾದ ‘ಸೀಬರ್ಡ್’ ಯೋಜನೆಯ ಫಲವಾಗಿ, 2005ರ ಮೇ 31ರಂದು ಅದು ಸೇವೆಗೆ ಸೇರಿತು. ಇದಕ್ಕಾಗಿ ಸಾವಿರಾರು ಕುಟುಂಬಗಳು ನೆಲ ಬಿಟ್ಟುಕೊಟ್ಟಿವೆ ಎಂಬುದನ್ನು ಮರೆಯುವಂತಿಲ್ಲ.

ಇಂಥ ನೆಲೆಯನ್ನು ಕಾಯುವುದು ಹೇಗೆ? ನೆಲದ ಕಡೆ ಗೋಡೆ ಕಟ್ಟಬಹುದು, ಸಮುದ್ರಕ್ಕೆ ಗೋಡೆ ಎಲ್ಲಿಂದ ತರುವುದು? ನೀರಿನ ಮೇಲೆ ಬರುವ ದೋಣಿಯನ್ನು ರೇಡಾರ್ ಗುರುತಿಸುತ್ತದೆ. ನೀರಿನೊಳಗೆ ಈಜಿ ಬರುವ ಮುಳುಗುಗಾರನ ಮೇಲೆ ಮಾತ್ರ ರೇಡಾರಿನ ಆಟ ನಡೆಯದು, ಏಕೆಂದರೆ ರೇಡಿಯೋ ಅಲೆಗಳು ಸಮುದ್ರದ ನೀರಿನಲ್ಲಿ ಬಹುಬೇಗ ಅಡಗಿಹೋಗುತ್ತವೆ. ಅಲ್ಲಿ ನೆರವಿಗೆ ಬರುವುದು ಶಬ್ದ. ಕುಣಿಗಲ್ ದೊಡ್ಡಕೆರೆಯಂಥ ಕಡೆ ಈಜಿದವರಿಗೆ ಗೊತ್ತು: ತಲೆ ಮುಳುಗಿಸಿದಾಗ ದೂರದಲ್ಲಿ ಯಾರೋ ನೀರೊಳಗೆ ಎರಡು ಕಲ್ಲು ಕುಟ್ಟಿದರೂ ಕಿವಿಯ ಬಳಿಯೇ ಕುಟ್ಟಿದಂತಿರುತ್ತದೆ. (ಪರೀಕ್ಷೆ ಮಾಡಲೆಂದು ಒಂಟಿಯಾಗಿ ಕೆರೆಗಿಳಿಯಬೇಡಿ, ಮತ್ತೆ!) ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುವ ಶಬ್ದ, ನೀರಿನಲ್ಲಿ ಸುಮಾರು 1,500 ಮೀಟರ್ ಸಾಗುತ್ತದೆ. ಸೋನಾರ್ ಯಂತ್ರ ಶಬ್ದವನ್ನು ಕಳುಹಿಸಿ ಮರುದನಿಗೆ ಕಾಯುತ್ತದೆ. ಮುಳುಗುಗಾರನ ಶ್ವಾಸಕೋಶದ ಗಾಳಿ, ಅವನು ಬಿಡುವ ಗುಳ್ಳೆಗಳು ಆ ಶಬ್ದವನ್ನು ಚೆನ್ನಾಗಿ ಹಿಂದಿರುಗಿಸುತ್ತವೆ. ಉಸಿರೇ ಅವನನ್ನು ಹಿಡಿದುಕೊಡುತ್ತದೆ!

2008ರ ಮುಂಬೈ ದಾಳಿಕೋರರು ಸಮುದ್ರದಿಂದಲೇ ಬಂದರಲ್ಲವೇ? ಮರುವರ್ಷ ನೆಲೆಗಳ ರಕ್ಷಣೆಗೆಂದೇ ‘ಸಾಗರ ಪ್ರಹರಿ ಬಲ’ ಹುಟ್ಟಿತು. ಆಕಾಶದಿಂದ ಬರುವ ಡ್ರೋನ್‌ಗಳನ್ನು ತಡೆಯುವ ವ್ಯವಸ್ಥೆಗಾಗಿ 2021ರಲ್ಲಿ ನೌಕಾಪಡೆ ನಮ್ಮ ಬಿ.ಇ.ಎಲ್. ಜೊತೆ ಒಪ್ಪಂದ ಮಾಡಿಕೊಂಡಿತು.

ಇಷ್ಟೆಲ್ಲ ಕಾವಲಿದ್ದರೂ ಒಂದು ಕಿಂಡಿ ಉಳಿದೇ ಇದೆ. ಅದು ಜೇಬಿನಲ್ಲಿದೆ. 2019ರ ಡಿಸೆಂಬರ್‌ನಲ್ಲಿ ವಿಶಾಖಪಟ್ಟಣ, ಮುಂಬೈ, ಕಾರವಾರಗಳ ನೆಲೆಗಳಿಗೆ ಸಂಬಂಧಿಸಿದಂತೆ ಏಳು ಮಂದಿ ನಾವಿಕರ ಬಂಧನವಾಯಿತು. ಫೇಸ್‌ಬುಕ್‌ನಲ್ಲಿ ಹೆಣ್ಣಿನ ಹೆಸರಿನಿಂದ ಬಂದ ಸ್ನೇಹಕ್ಕೆ ಮರುಳಾಗಿ ಹಡಗುಗಳ ಚಲನವಲನ ತಿಳಿಸಿದರೆಂಬುದು ಆರೋಪ. ಅದೇ ತಿಂಗಳು ನೌಕಾಪಡೆ ತನ್ನ ನೆಲೆ, ಹಡಗುಗಳಲ್ಲಿ ಸ್ಮಾರ್ಟ್‌ಫೋನನ್ನೂ, ಸಿಬ್ಬಂದಿಗೆ ಫೇಸ್‌ಬುಕ್ಕನ್ನೂ ನಿಷೇಧಿಸಿತು. 2025ರ ಫೆಬ್ರುವರಿಯಲ್ಲಿ ಕಾರವಾರ ನೆಲೆಯ ಮಾಹಿತಿ ಕೊಟ್ಟ ಆರೋಪದ ಮೇಲೆ ಉತ್ತರ ಕನ್ನಡದ ಇಬ್ಬರನ್ನು ರಾಷ್ಟ್ರೀಯ ತನಿಖಾ ದಳ ಬಂಧಿಸಿತು.

ಭಯ ಅತಿಯಾದರೂ ಕಷ್ಟ. 2024ರ ನವೆಂಬರ್‌ನಲ್ಲಿ ಬೆನ್ನಿಗೆ ಯಂತ್ರ ಹೊತ್ತ ರಣಹದ್ದೊಂದು ಕಾರವಾರದಲ್ಲಿ ಕಂಡಾಗ ಜನ ಬೇಹುಗಾರನೆಂದೇ ಗಾಬರಿಗೊಂಡರು. ಅದು ಮಹಾರಾಷ್ಟ್ರದ ತಡೋಬಾ ಅರಣ್ಯದ ಅಧ್ಯಯನದ ಹಕ್ಕಿ, ಪಾಪ!

ನಿಜವಾದ ಅಪಾಯ ಸದ್ದಿಲ್ಲದ್ದು. 2017ರಲ್ಲಿ ಸ್ಟ್ರಾವಾ ಎಂಬ ವ್ಯಾಯಾಮದ ಆ್ಯಪ್ ತನ್ನ ಬಳಕೆದಾರರು ಓಡಿದ ದಾರಿಗಳ ಭೂಪಟ ಪ್ರಕಟಿಸಿತ್ತು. ಮರುಭೂಮಿಯ ನಡುವೆ ಹೊಳೆಯುತ್ತಿದ್ದ ಗೆರೆಗಳು ಸೇನಾನೆಲೆಗಳೆಂದು ಗುರುತಿಸಿದವನು ಆಸ್ಟ್ರೇಲಿಯಾದ ಒಬ್ಬ ಕಾಲೇಜು ವಿದ್ಯಾರ್ಥಿ, ನೇಥನ್ ರೂಸರ್. ಓಡಿದ ಯೋಧರು ಯಾರಿಗೂ ಗುಟ್ಟು ಹೇಳಿರಲಿಲ್ಲ, ಬರೀ ಬೆವರು ಸುರಿಸಿದ್ದರು.

ಸಮುದ್ರವಿಲ್ಲದ ನಮಗೇಕೆ ಇದೆಲ್ಲ ಎನ್ನಬೇಡಿ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ 615 ಎಕರೆಯ ಎಚ್.ಎ.ಎಲ್. ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರುವರಿ 6ರಂದು ಉದ್ಘಾಟನೆಯಾಗಿದೆ. ಇನ್ನು ಅಲ್ಲಿ ದುಡಿಯುವವರ ಮನೆಯಲ್ಲೂ ಮೊಬೈಲಿರುತ್ತದೆ, ಮಕ್ಕಳಿರುತ್ತಾರೆ. ಫೋನಿನ ಕ್ಯಾಮೆರಾದಲ್ಲಿ ‘ಲೊಕೇಶನ್’ ಚಾಲೂ ಇದ್ದರೆ ತೆಗೆದ ಚಿತ್ರದೊಳಗೇ ಜಾಗದ ಅಕ್ಷಾಂಶ, ರೇಖಾಂಶ ದಾಖಲಾಗುತ್ತವೆ. ಅದನ್ನು ಆರಿಸಲು ಎರಡು ನಿಮಿಷ ಸಾಕು. ಅಪ್ಪನಿಗೆ ಬಾರದಿದ್ದರೆ ಮಗಳು ಹೇಳಿಕೊಡಲಿ.

ಆ ತಾಯಿ ಮತ್ತೆ ಸಿಕ್ಕರೆ ಇಷ್ಟು ಹೇಳಬೇಕೆಂದಿದ್ದೇನೆ: ಅಮ್ಮಾ, ಅವನು ನಿಮ್ಮಿಂದ ಮುಚ್ಚಿಡುತ್ತಿಲ್ಲ, ನಿಮ್ಮ ಫೋನಿನಿಂದ ಮುಚ್ಚಿಡುತ್ತಿದ್ದಾನೆ. ಊಟ ಆಯಿತೇ, ನಿದ್ದೆ ಬಂತೇ ಎಂದು ಕೇಳಿ, ಬೇಕಾದಷ್ಟು ಮಾತಾಡುತ್ತಾನೆ.