ಬೀದಿಗೂ ಪಂದ್ಯಪಥಕ್ಕೂ ಒಂದೇ ಗಾಡಿ

ಸಂಜೆಯ ಏಳು ಗಂಟೆಗೆ ಮಾಜಿವಾಡಾ ನಾಕಾದಲ್ಲಿ ನಿಂತು ನೋಡಿದವರಿಗೆ, ಈ ಊರಿನಲ್ಲಿ ವೇಗದ ಗಾಡಿಯನ್ನು ಇಟ್ಟುಕೊಳ್ಳುವವನು ಹುಚ್ಚನೇ ಸರಿ ಎಂದು ತೋರಿದರೆ ಆಶ್ಚರ್ಯವಿಲ್ಲ. ಒಂದು ಕಡೆಯಿಂದ ಮುಂಬಯಿಯ ಪೂರ್ವ ದ್ರುತಗತಿ ಮಾರ್ಗ, ಇನ್ನೊಂದು ಕಡೆಯಿಂದ ಘೋಡಬಂದರ ರಸ್ತೆ, ಮತ್ತೊಂದು ಕಡೆಯಿಂದ ನಾಸಿಕದ ಹೆದ್ದಾರಿ. ಈ ಮೂರರ ಲಾರಿ, ಬಸ್ಸು, ರಿಕ್ಷಾಗಳೆಲ್ಲ ಬಂದು ಸೇರುವ ಆ ಸ್ಥಳದಲ್ಲಿ ಗಂಟೆಗೆ ಹತ್ತು ಕಿಲೋಮೀಟರಿನ ವೇಗವೂ ಒಂದು ಭಾಗ್ಯವೇ. ಮಳೆಗಾಲದಲ್ಲಿ ಬಿದ್ದ ಹೊಂಡಗಳಿಗೆ ಸಿಮೆಂಟಿನ ಇಟ್ಟಿಗೆ ತುಂಬುತ್ತಾರೆ. ಇಟ್ಟಿಗೆ ಎದ್ದು ಮತ್ತೆ ಹೊಂಡವಾಗುತ್ತದೆ. ಈ ರಸ್ತೆಗೆ ಹತ್ತಿರದಲ್ಲೇ ವಾಸಿಸುವ ನನ್ನ ಸೋದರಳಿಯನು ತನ್ನ ಗಾಡಿಗೆ ಪಂದ್ಯದ ಮಾದರಿಯ, ಬೇಕಾದಂತೆ ತಿರುಗಿಸಿಕೊಳ್ಳಬಲ್ಲ ಸಸ್ಪೆನ್ಷನ್ ಹಾಕಿಸಬೇಕೆಂದು ಕಳೆದ ಆರು ತಿಂಗಳಿಂದ ಹಟ ಹಿಡಿದಿದ್ದಾನೆ.

ಅವನ ಗಾಡಿಯನ್ನು ನಿಜವಾದ ಸ್ಪೋರ್ಟ್ಸ್ ಕಾರೆಂದು ಕರೆದರೆ ಬಲ್ಲವರು ನಕ್ಕಾರು. ಅದೊಂದು ಹಳೆಯ ಫೋಕ್ಸ್‌ವ್ಯಾಗನ್ ಪೋಲೋ ಜಿ.ಟಿ. ಪುಣೆಯ ಬಳಿಯ ಚಾಕಣದಲ್ಲಿ ತಯಾರಾಗುತ್ತಿದ್ದು 2022ರಲ್ಲಿ ನಿಂತುಹೋದ ಮಾದರಿ. ಆದರೆ ಇದೇ ಪೋಲೋ ಗಾಡಿಗಳನ್ನು ಸಜ್ಜುಗೊಳಿಸಿ 2010ರಿಂದ ನಮ್ಮ ದೇಶದಲ್ಲಿ ಪಂದ್ಯಗಳನ್ನು ಓಡಿಸಿದ್ದುಂಟು. ಆದಕಾರಣ ತರುಣರಿಗೆ ಅದರಲ್ಲಿ ಮೋಹ ಹುಟ್ಟಿದರೆ ಅದು ಅಕಾರಣವಲ್ಲ. ಅಳಿಯನು ಬ್ಯಾಂಕಿನಲ್ಲಿ ಗುಮಾಸ್ತ. ಅವನ ತಂದೆ, ಅಂದರೆ ನನ್ನ ಭಾವನವರು, ಹದಿನಾಲ್ಕನೆಯ ವಯಸ್ಸಿನಲ್ಲಿ ಊರು ಬಿಟ್ಟು ಬಂದು ಹೋಟೆಲಿನಲ್ಲಿ ಲೋಟ ತೊಳೆದು, ಸಪ್ಲಾಯರ್ ಆಗಿ, ಈಗ ಗಲ್ಲಾದ ಮೇಲೆ ಕುಳಿತವರು. ಮಗನು ಲಕ್ಷದಷ್ಟು ಹಣವನ್ನು ನಾಲ್ಕು ಸ್ಪ್ರಿಂಗುಗಳಿಗೆ ಸುರಿಯಲು ಹೊರಟಿರುವನೆಂದು ಕೇಳಿದ ದಿನ ಅವರು ಊಟ ಮಾಡಲಿಲ್ಲ. ಮೂವತ್ತು ವರ್ಷ ಮೋಟಾರಿನ ಬಿಡಿಭಾಗಗಳ ಉಗ್ರಾಣದಲ್ಲಿ ಲೆಕ್ಕ ಬರೆದ ನನ್ನ ಬಳಿಗೆ ಇಬ್ಬರೂ ನ್ಯಾಯಕ್ಕೆ ಬಂದರು.

“ಇದು ಶೋಕಿಯಲ್ಲವೇ?” ಎಂದು ಭಾವನವರು ಕೇಳಿದರು. ಶೋಕಿಯೇ, ಸಂದೇಹವಿಲ್ಲ. ಆದರೆ ಯಕ್ಷಗಾನದ ಮೇಳಕ್ಕೆ ಚಂದಾ ಕೊಡುವುದೂ, ದಸರೆಗೆ ಪೇಟಾ ಕಟ್ಟಿ ಮೆರೆಯುವುದೂ ಶೋಕಿಯೇ. ದುಡಿದು ಬದುಕುವವನ ಮಗನಿಗೆ ಬ್ಯಾಂಕಿನ ಮೇಜಿನಾಚೆ ಒಂದು ಆಸೆ ಇರಬಾರದೆಂಬ ವಾದವನ್ನು ನಾನು ಒಪ್ಪಲಾರೆ. ಹಣವನ್ನು ಯಾವುದಕ್ಕೆ ಕೊಡುತ್ತಾನೆಂಬುದನ್ನು ಅವನು ತಿಳಿದಿದ್ದಾನೆಯೇ ಎಂಬುದಷ್ಟೇ ನನ್ನ ಪ್ರಶ್ನೆ. ಕೇಳಿ ನೋಡಿದೆ, ತಿಳಿದಿರಲಿಲ್ಲ. ಅವನ ಮನಸ್ಸಿನಲ್ಲಿದ್ದುದು ಗಾಡಿ ನೆಲಕ್ಕಂಟಿ ನಿಂತ ಚಿತ್ರ.

ಹೋಟೆಲಿನಲ್ಲಿ ಕೆಲಸ ಮಾಡುವ ವಾಚಕರಿಗೆ ಈ ವಿಷಯವನ್ನು ವಿವರಿಸುವುದು ಸುಲಭ. ನಾಲ್ಕು ಲೋಟ ಕಾಫಿಯನ್ನು ಒಂದೇ ಕೈಯಲ್ಲಿ ಹಿಡಿದು ತುಂಬಿದ ಹಾಲಿನ ನಡುವೆ ಓಡುವ ಸಪ್ಲಾಯರನನ್ನು ನೋಡಿ. ಮೊಣಕಾಲು, ಮೊಣಕೈ, ಮಣಿಕಟ್ಟು ಇವು ಮೂರೂ ಅವನಲ್ಲಿ ಸಡಿಲವಾಗಿವೆ, ಆದರೆ ಜೋಲಾಡುವುದಿಲ್ಲ. ತೋಳನ್ನು ಕೋಲಿನಂತೆ ಸೆಟೆಸಿದರೆ ಕಾಫಿ ಚೆಲ್ಲುತ್ತದೆ. ತೀರ ಸಡಿಲ ಬಿಟ್ಟರೂ ಚೆಲ್ಲುತ್ತದೆ. ಗಾಡಿಯಲ್ಲಿ ಸಡಿಲವನ್ನು ಕೊಡುವುದು ಸ್ಪ್ರಿಂಗು; ಜೋಲಾಟವನ್ನು ತಡೆಯುವುದು ನಮ್ಮ ಮೆಕ್ಯಾನಿಕರು ‘ಶಾಕಪ್’ ಎನ್ನುವ ಡ್ಯಾಂಪರು. ಡ್ಯಾಂಪರಿನೊಳಗಿನ ಎಣ್ಣೆಯು ಸಣ್ಣ ರಂಧ್ರಗಳ ಮೂಲಕ ನುಸುಳುವಾಗ ಕುಲುಕಾಟದ ಶಕ್ತಿ ಕಾವಾಗಿ ಕಳೆದುಹೋಗುತ್ತದೆ. ಅಳಿಯನು ಬಯಸಿದ ‘ಕಾಯಿಲೋವರ್’ ಎಂಬುದರಲ್ಲಿ ಈ ಎರಡೂ ಒಂದೇ ಕಂಬದಲ್ಲಿ ಕೂಡಿರುತ್ತವೆ. ಕಂಬಕ್ಕೆ ಮರೆ ಕೊರೆದಿರುವುದರಿಂದ ಎತ್ತರವನ್ನು ಏರಿಸಿ ಇಳಿಸಬಹುದು. ಗುಬುಟೊಂದನ್ನು ತಿರುಗಿಸಿ ಡ್ಯಾಂಪರಿನ ಬಿಗಿಯನ್ನು ಬದಲಾಯಿಸಬಹುದು. ಪೋಲೋದ ಹಿಂದಿನ ಗಾಲಿಗಳಲ್ಲಿ ಮಾತ್ರ ಸ್ಪ್ರಿಂಗು ಬೇರೆ, ಡ್ಯಾಂಪರು ಬೇರೆ. ಅಲ್ಲಿಗೆ ಆ ಹೆಸರು ಹೊಂದದು. ಮಾರುವವನು ಅದನ್ನು ಹೇಳುವುದಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಗುಮಾಸ್ತನಿಗೆ ಲೆಕ್ಕವೇ ವಾದ. ಗಾಡಿಯ ಮುಂದಿನ ಒಂದು ಮೂಲೆಯ ಮೇಲೆ ಸುಮಾರು 300 ಕಿಲೋ ಭಾರವಿದೆಯೆಂದು ಇಟ್ಟುಕೊಳ್ಳಿ. ಒಂದು ಮಿಲಿಮೀಟರು ಕುಗ್ಗಲು 2 ಕಿಲೋ ಭಾರ ಬೇಕಾಗುವ ಸ್ಪ್ರಿಂಗನ್ನು ಹಾಕಿದರೆ ಆ ಮೂಲೆಯು ಸೆಕೆಂಡಿಗೆ 1.3 ಬಾರಿ ಏರಿಳಿಯುವ ಸ್ವಭಾವವನ್ನು ಪಡೆಯುತ್ತದೆ. ಮನೆಮಂದಿಯ ಗಾಡಿಗಳೆಲ್ಲ ಬಹುಮಟ್ಟಿಗೆ ಈ ಲಯದಲ್ಲೇ ಇರುತ್ತವೆ. 5 ಕಿಲೋದ ಸ್ಪ್ರಿಂಗಿಗೆ ಅದು 2 ಬಾರಿ. 8 ಕಿಲೋದ್ದಕ್ಕೆ ಎರಡೂವರೆಯನ್ನು ಮೀರುತ್ತದೆ. ಇದು ಪಂದ್ಯದ ಗಾಡಿಯ ಲಯ. ನುಣುಪಾದ ಪಥದಲ್ಲಿ ಇದರಿಂದ ಲಾಭವುಂಟು: ತಿರುವಿನಲ್ಲಿ ಗಾಡಿ ವಾಲುವುದು ಕಡಮೆ, ಚಾಲಕನ ಕೈಗೆ ಉತ್ತರ ಬೇಗ.

ಆದರೆ ಇನ್ನೊಂದು ಲೆಕ್ಕವಿದೆ. ಅದನ್ನು ಅಂಗಡಿಯ ಹಾಳೆಗಳಲ್ಲಿ ಅಚ್ಚು ಹಾಕುವುದಿಲ್ಲ. 2 ಕಿಲೋದ ಸ್ಪ್ರಿಂಗು 300 ಕಿಲೋ ಭಾರಕ್ಕೆ ನಿಂತಲ್ಲೇ 150 ಮಿಲಿಮೀಟರು ಕುಗ್ಗಿರುತ್ತದೆ. ಹೊಂಡ ಬಂದಾಗ ಆ ಕುಗ್ಗಿದ್ದುದೆಲ್ಲ ಹಿಗ್ಗಿ ಗಾಲಿಯನ್ನು ಕೆಳಕ್ಕೆ ಒತ್ತಿ ನೆಲ ಮುಟ್ಟಿಸುತ್ತದೆ. 8 ಕಿಲೋದ ಸ್ಪ್ರಿಂಗು ಕುಗ್ಗಿರುವುದು 37 ಮಿಲಿಮೀಟರು ಮಾತ್ರ. ಅದಕ್ಕಿಂತ ಆಳವಾದ ಹೊಂಡಕ್ಕೆ ಗಾಲಿಯನ್ನು ಒತ್ತುವ ಬಲವೇ ಅದರಲ್ಲಿ ಉಳಿದಿರುವುದಿಲ್ಲ; ಗಾಲಿ ತೂಗಾಡುತ್ತದೆ, ಹೊಂಡದ ಆಚೆಯ ಅಂಚಿಗೆ ಬಡಿಯುತ್ತದೆ. ಮಾಜಿವಾಡಾದ ಹೊಂಡಗಳು 37 ಮಿಲಿಮೀಟರಿಗೆ ನಿಲ್ಲುವಂಥವುಗಳೇ? ತೂಗಾಡುವ ಗಾಲಿಗೆ ಬ್ರೇಕೂ ಇಲ್ಲ, ಹಿಡಿತವೂ ಇಲ್ಲ. ಮಳೆಯ ರಾತ್ರಿಯಲ್ಲಿ ಎದುರಿಗೆ ರಿಕ್ಷಾವೊಂದು ಅಡ್ಡ ಬಂದರೆ ಪಂದ್ಯದ ಸ್ಪ್ರಿಂಗು ಹಾಕಿದ ಗಾಡಿಯೇ ತಡವಾಗಿ ನಿಂತೀತು.

ಈ ಮಾತನ್ನು ಅಳಿಯನು ನಂಬಲಿಲ್ಲ. ಚಿಕ್ಕಮಗಳೂರನ್ನು ನೆನೆದುಕೊಳ್ಳೆಂದೆ. ಅಲ್ಲಿನ ಕಾಫಿ ತೋಟಗಳ ಮಣ್ಣಿನ ದಾರಿಗಳಲ್ಲಿ ರಾಷ್ಟ್ರೀಯ ರ್ಯಾಲಿಯ ಸುತ್ತುಗಳು ನಡೆಯುತ್ತವೆ. ರಾಷ್ಟ್ರೀಯ ಚಾಂಪಿಯನ್ ಆಗಿದ್ದ ಬೆಂಗಳೂರಿನ ಕರ್ಣ ಕಡೂರರಂಥವರು ಅಲ್ಲಿ ಓಡಿಸಿದ್ದಾರೆ. ಮಣ್ಣಿನ ರ್ಯಾಲಿಯ ಗಾಡಿ ನೆಲಕ್ಕಂಟಿ ನಿಲ್ಲುವುದಿಲ್ಲ; ಕಾಲೆತ್ತಿ ನಿಲ್ಲುತ್ತದೆ. ಅದರ ಗಾಲಿಗೆ ಮೇಲೂ ಕೆಳಗೂ ಬೇಕಾದಷ್ಟು ಚಲನೆಯ ಅವಕಾಶವಿರುತ್ತದೆ, ಸ್ಪ್ರಿಂಗು ಹದವಾಗಿರುತ್ತದೆ, ಹಣವೆಲ್ಲ ಹೋಗುವುದು ಡ್ಯಾಂಪರಿಗೆ. ವೇಗದ ವಿದ್ಯೆಯನ್ನು ಬಲ್ಲವರೇ ಕೆಟ್ಟ ದಾರಿಗೆ ಹೀಗೆ ಸಿದ್ಧರಾಗುತ್ತಾರೆಂದ ಮೇಲೆ, ಘೋಡಬಂದರ ರಸ್ತೆಯಲ್ಲಿ ದಿನಾಲೂ ಓಡಾಡುವವನು ಕಲಿಯಬೇಕಾದುದು ಪಂದ್ಯಪಥದಿಂದ ಅರ್ಧ, ಕಾಫಿ ತೋಟದಿಂದ ಅರ್ಧ.

ಎತ್ತರದ ವಿಷಯದಲ್ಲಿ ನನ್ನ ಅಭಿಪ್ರಾಯ ಕಠಿಣವಾದುದು. ಇಪ್ಪತ್ತು ಮಿಲಿಮೀಟರಿಗಿಂತ ಹೆಚ್ಚು ಇಳಿಸಬಾರದು, ಸಾಧ್ಯವಾದರೆ ಇಳಿಸಲೇಬಾರದು. ಮುಂದಿನ ಗಾಲಿಯ ಕೆಳತೋಳು ತೀರ ಮೇಲ್ಮುಖವಾದರೆ, ಗಾಡಿ ಯಾವ ಬಿಂದುವಿನ ಸುತ್ತ ವಾಲುತ್ತದೆಯೋ ಆ ಬಿಂದುವು ಭಾರದ ಕೇಂದ್ರಕ್ಕಿಂತಲೂ ಹೆಚ್ಚಾಗಿ ಕೆಳಗಿಳಿಯುತ್ತದೆ. ಆಗ ವಾಲುವಿಕೆಯನ್ನು ತಡೆಯಹೋಗಿ ಅದನ್ನು ಬೆಳೆಸಿದಂತಾಯಿತು. ಇದಲ್ಲದೆ ರಸ್ತೆಯ ಉಬ್ಬುಗಳಿವೆ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ನಿಯಮದಂತೆ ವೇಗತಡೆಯ ಉಬ್ಬು 10 ಸೆಂಟಿಮೀಟರು ಎತ್ತರ, 3.7 ಮೀಟರು ಅಗಲವಿರತಕ್ಕದ್ದು. ನಮ್ಮ ಸೊಸೈಟಿಯ ಬಾಗಿಲಿನ ಉಬ್ಬನ್ನು ಅಳಿಯನೂ ನಾನೂ ಟೇಪು ಹಿಡಿದು ಅಳೆದೆವು: ಎತ್ತರ 14 ಸೆಂಟಿಮೀಟರು, ಅಗಲ ಒಂದು ಹೆಜ್ಜೆ. ಕಾವಲುಗಾರನು ನಮ್ಮನ್ನು ಮಹಾನಗರಪಾಲಿಕೆಯವರೆಂದು ತಿಳಿದು ಚಹಾ ತರಿಸಿದ. ಹಿಂದಿನ ಸೀಟಿನಲ್ಲಿ ಅಕ್ಕ ಭಾವ ಕುಳಿತು, ಡಿಕ್ಕಿಯಲ್ಲಿ ಅಕ್ಕಿಯ ಮೂಟೆಯನ್ನೂ ಹಲಸಿನ ಹಪ್ಪಳದ ಡಬ್ಬಿಯನ್ನೂ ಹೇರಿ ಊರಿನಿಂದ ಹಿಂದಿರುಗುವ ಗಾಡಿ ಆ ಉಬ್ಬನ್ನು ದಾಟಬೇಕು.

ಹಾಗಾದರೆ ಗುಬುಟಿನಿಂದ ಪ್ರಯೋಜನವೇನು? ಇಲ್ಲಿ ಅಳಿಯನ ಪರವಾಗಿ ಮಾತನಾಡಬೇಕು. ತಳೇಗಾಂವಿನ ಬಳಿಯ ನಾನೋಲಿಯಲ್ಲಿ ಈಚೆಗೆ ಪಂದ್ಯಪಥವೊಂದಾಗಿರುವುದರಿಂದ ಠಾಣೆಯ ತರುಣನು ಅದಕ್ಕಾಗಿ ಸಾವಿರ ಕಿಲೋಮೀಟರಿನಾಚೆಯ ಮದರಾಸಿಗೋ ಕೊಯಮತ್ತೂರಿಗೋ ಹೋಗಬೇಕಿಲ್ಲ. ಬೆಳಗ್ಗೆ ಎದ್ದು ಪುಣೆಯ ದ್ರುತಗತಿ ಮಾರ್ಗ ಹಿಡಿದರೆ ಪಥ, ಸಂಜೆಗೆ ಮನೆ. ಒಂದೇ ಗಾಡಿ ಎರಡು ಕೆಲಸಕ್ಕೂ ಒದಗಬೇಕು. ಪಥದಲ್ಲಿ ನಾಲ್ಕು ಹೆಜ್ಜೆ ಬಿಗಿ ಮಾಡಿ, ಹಿಂದಿರುಗುವಾಗ ಸಡಿಲಿಸುವ ಅನುಕೂಲವು ಆಟಿಕೆಯಲ್ಲ. ಆದರೆ 30 ಹೆಜ್ಜೆಗಳ ಗುಬುಟನ್ನು ಕಂಡು ಮರುಳಾಗಬಾರದು. ಅಗ್ಗದ ಡ್ಯಾಂಪರಿನಲ್ಲಿ ಅನೇಕ ಹೆಜ್ಜೆಗಳು ಹೆಸರಿಗೆ ಮಾತ್ರ. ತಿರುಗಿಸಿದರೆ ವ್ಯತ್ಯಾಸ ಕಾಣದು. ಮತ್ತು ಒಂದೇ ಗುಬುಟು ಕುಗ್ಗುವಿಕೆ ಹಿಗ್ಗುವಿಕೆಗಳೆರಡನ್ನೂ ಒಟ್ಟಿಗೆ ಬಿಗಿಗೊಳಿಸುವಂಥದಾದರೆ ಹೊಂಡದ ಪೆಟ್ಟು ನೇರ ಬೆನ್ನಿಗೆ. ಬೀದಿಗೂ ಬೇಕೆನ್ನುವವನು ಮುಖ್ಯವಾಗಿ ಹಿಗ್ಗುವಿಕೆಯನ್ನು ತಿದ್ದುವ ಡ್ಯಾಂಪರನ್ನು ಆರಿಸಲಿ, ಅದರಲ್ಲಿಯೂ ಮಿತಿಯಿರಲಿ. ಹಿಗ್ಗುವಿಕೆಯನ್ನು ಅತಿಯಾಗಿ ಬಿಗಿದರೆ ಸಾಲು ಹೊಂಡಗಳಲ್ಲಿ ಗಾಲಿ ಕೆಳಗಿಳಿಯುವ ಮೊದಲೇ ಮುಂದಿನ ಪೆಟ್ಟು ಬೀಳುತ್ತದೆ. ಗಾಡಿ ಮೆಲ್ಲಮೆಲ್ಲನೆ ಕುಸಿಯುತ್ತ ಹೋಗುತ್ತದೆ.

ಸ್ಪ್ರಿಂಗು ಮಿಲಿಮೀಟರಿಗೆ ಮೂರರಿಂದ ನಾಲ್ಕು ಕಿಲೋದೊಳಗೆ ಇರಲಿ. ಅಂಗಡಿಯವನು ಏಳೆಂದರೆ ಎದ್ದು ಬರಲಿ. ಸ್ಪ್ರಿಂಗಿನ ಕೆಳಗಿನ ತಟ್ಟೆಯನ್ನು ಬಿಗಿದರೆ ಸ್ಪ್ರಿಂಗು ಗಟ್ಟಿಯಾಗುತ್ತದೆಂದು ಹೇಳುವ ಮೆಕ್ಯಾನಿಕನನ್ನೂ ನಂಬಬಾರದು. ಒಂದೇ ಸಮನಾದ ಸ್ಪ್ರಿಂಗಿನಲ್ಲಿ ಅದರಿಂದ ಎತ್ತರ ಬದಲಾದೀತೇ ವಿನಾ ಗಟ್ಟಿತನವಲ್ಲ. ಡ್ಯಾಂಪರನ್ನು ಬಿಚ್ಚಿ ಎಣ್ಣೆ, ಸೀಲು ಬದಲಾಯಿಸಿ ಕೊಡುವವರು ನಮ್ಮ ದೇಶದಲ್ಲಿದ್ದಾರೆಯೇ ಎಂಬುದನ್ನು ಮೊದಲೇ ವಿಚಾರಿಸತಕ್ಕದ್ದು. ಉಗ್ರಾಣದಲ್ಲಿದ್ದಾಗ ಒಂದು ಹಾಲೆಂಡಿನ ಸೀಲಿಗಾಗಿ ನಾನು ಹದಿನೇಳು ಪತ್ರ ಬರೆದುದುಂಟು. ಬಂದದ್ದು ಬೇರೆ ಅಳತೆಯದು. ಖಾಡಿಯ ಉಪ್ಪುಗಾಳಿ, ನಾಲ್ಕು ತಿಂಗಳ ಮಳೆ, ಕಾಂಕ್ರೀಟಿನ ಕೆಸರು ಸೇರಿ ಕಂಬದ ಮರೆಗಳು ತುಕ್ಕು ಹಿಡಿದರೆ ಮರುವರ್ಷ ಆ ತಟ್ಟೆ ಸುತ್ತಿಗೆಗೂ ಜಗ್ಗದು. ಆಗ ತಿರುಗಿಸಿಕೊಳ್ಳಬಲ್ಲದ್ದು ತಿರುಗದ್ದಾಗಿ ಉಳಿಯಿತು.

ಇನ್ನು ಕಾನೂನು. ಮೋಟಾರು ವಾಹನಗಳ ಕಾಯಿದೆಯ 52ನೆಯ ಕಲಮಿನ ಮೇರೆಗೆ, ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸಕೂಡದೆಂದು ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ತೀರ್ಪಿತ್ತಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ, ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೂ ಒಡೆಯನಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆವಾಸ ಅಥವಾ ಎರಡೂ ಎಂದು ವಿಧಿಸಿದ್ದಾರೆ. ತಿಳಿಸದೆ ಮಾಡಿದ ಮಾರ್ಪಾಡನ್ನು ತೋರಿಸಿ ವಿಮಾ ಕಂಪೆನಿಯು ಅಪಘಾತದ ಹಣವನ್ನು ನಿರಾಕರಿಸಲೂಬಹುದು. ಗುಮಾಸ್ತನ ಮನೆಗೆ ದಂಡಕ್ಕಿಂತ ದೊಡ್ಡ ಭಯ ಇದೇ. ಮೂರನೆಯವನಿಗೆ ಪೆಟ್ಟಾಗಿ ಪರಿಹಾರವು ನಮ್ಮ ತಲೆಯ ಮೇಲೆ ಬಿದ್ದರೆ ಭಾವನವರ ನಲವತ್ತು ವರ್ಷದ ಗಳಿಕೆ ಒಂದು ದಿನದ ಮಾತು. ಇದನ್ನು ಅಂಗಡಿಯವರು “ಎಲ್ಲರೂ ಹಾಕಿಸುತ್ತಾರೆ, ಸಾಹೇಬರೇ” ಎಂದು ಹಾರಿಸಿಬಿಡುತ್ತಾರೆ.

ತೀರ್ಪನ್ನು ನಾನು ಹಳಿಯುತ್ತಿಲ್ಲ. ಬೆಸುಗೆ ಹಾಕಿ ಸ್ಪ್ರಿಂಗು ಕತ್ತರಿಸುವ ಗ್ಯಾರೇಜುಗಳನ್ನು ಕಂಡವನಿಗೆ ಅದರ ಅಗತ್ಯ ತಿಳಿದೀತು. ಆದರೆ ಜರ್ಮನಿಯಲ್ಲಿ ಇಂಥ ಭಾಗಗಳನ್ನು ಪರೀಕ್ಷಿಸಿ, ಯಾವ ಗಾಡಿಗೆ ಯಾವುದು, ಎಷ್ಟು ಎತ್ತರದವರೆಗೆ ಎಂದು ಪ್ರಮಾಣಪತ್ರ ಕೊಡುವ ಪದ್ಧತಿಯಿದೆ. ಅದನ್ನು ಪರೀಕ್ಷಕನಿಗೆ ತೋರಿಸಿ ಗಾಡಿಯ ಕಾಗದಕ್ಕೆ ಏರಿಸಬಹುದು. ಕಳ್ಳತನದಿಂದ ಹಾಕಿಸುವವನಿಗೂ ಪ್ರಾಮಾಣಿಕನಾಗಿ ಕೇಳುವವನಿಗೂ ಒಂದೇ ಉತ್ತರ ಕೊಡುವ ನಮ್ಮ ವ್ಯವಸ್ಥೆಗಿಂತ ಅದು ಮೇಲಲ್ಲವೇ? ನಮ್ಮ ಸರಕಾರವು ಅಂಥ ದಾರಿಯೊಂದನ್ನು ತೆರೆಯಬೇಕು. ತೆರೆಯುವವರೆಗೆ, ಸಾರಿಗೆ ಕಚೇರಿಯಿಂದಲೂ ವಿಮಾ ಕಂಪೆನಿಯಿಂದಲೂ ಬರಹದಲ್ಲಿ ಒಪ್ಪಿಗೆ ಬಾರದೆ ಬೀದಿಯ ಗಾಡಿಗೆ ಕೈ ಹಚ್ಚಬಾರದೆಂಬುದೇ ನನ್ನ ತೀರ್ಮಾನ.

ಹೀಗೆ ಹೇಳಿದಾಗ ಅಳಿಯನ ಮುಖ ಬಾಡಿತು. “ಮಾವಾ, ಹಾಗಾದರೆ ಪಥಕ್ಕೆ ಹೋಗಲೇಬಾರದೇ?” ಎಂದ. ಹೋಗಬೇಕು. ಗಾಡಿ ಹೇಗಿದೆಯೋ ಹಾಗೆಯೇ ಹೋಗಬೇಕು. ಎಪ್ಪತ್ತು ಸಾವಿರ ಕಿಲೋಮೀಟರು ಓಡಿದ ಅವನ ಶಾಕಪ್‌ಗಳಲ್ಲಿ ಎರಡು ಎಣ್ಣೆ ಸೋರುತ್ತಿದ್ದವು. ಸತ್ತ ಡ್ಯಾಂಪರನ್ನು ಇಟ್ಟುಕೊಂಡು ಕಂಪೆನಿಯ ಸಸ್ಪೆನ್ಷನ್ ಮೆತ್ತಗೆಂದು ದೂರುವುದು, ಹರಿದ ಜರಡಿಯಲ್ಲಿ ಹಿಟ್ಟು ಸೋಸಿ ಗಿರಣಿಯವನನ್ನು ಬೈದಂತೆ. ಮೂಲ ಅಳತೆಯ ಹೊಸ ಡ್ಯಾಂಪರುಗಳು, ತೋಳುಗಳ ರಬ್ಬರು ಬುಷ್‌ಗಳು, ಒಳ್ಳೆಯ ಟೈರು, ಹೊಸ ಬ್ರೇಕ್ ಎಣ್ಣೆ, ಗಾಲಿಗಳ ಅಲೈನ್‌ಮೆಂಟು ಎಲ್ಲ ಸೇರಿಯೂ ಅವನು ಎತ್ತಿಟ್ಟ ಹಣದ ಅರ್ಧವನ್ನು ಮುಟ್ಟಲಿಲ್ಲ. ಅವುಗಳಲ್ಲಿ ಒಂದಕ್ಕೂ ಕಾನೂನಿನ ಅಡ್ಡಿಯಿಲ್ಲ.

ಹೋದ ತಿಂಗಳು ಹೋಗಿಬಂದ. ಮೊದಲ ಸುತ್ತುಗಳಲ್ಲಿ ತನಗಿಂತ ಚಿಕ್ಕ ಗಾಡಿಯವರು ಹಿಂದೆ ಹಾಕಿದರಂತೆ; ಕಲಿಸುವವರು ಪಕ್ಕದಲ್ಲಿ ಕುಳಿತು ಬ್ರೇಕನ್ನು ಎಲ್ಲಿ ಒತ್ತಬೇಕು, ಕಣ್ಣನ್ನು ಎಲ್ಲಿಡಬೇಕು ಎಂದು ತೋರಿಸಿದ ಮೇಲೆ ಅವರಲ್ಲಿ ಇಬ್ಬರನ್ನು ಇವನು ದಾಟಿದನಂತೆ. ಟೈರಿನ ಗಾಳಿಯನ್ನು ಪ್ರತಿ ಸರದಿಯ ನಂತರ ಅಳೆದು ಪುಸ್ತಕದಲ್ಲಿ ಬರೆದುಕೊಂಡು ಬಂದಿದ್ದಾನೆ. ಆ ಪುಸ್ತಕವನ್ನು ನೋಡಿ ನನಗೆ ಸಂತೋಷವಾಯಿತು. ಅಕ್ಷರ ಮಾತ್ರ ಬ್ಯಾಂಕಿನವನ ಅಕ್ಷರವಲ್ಲ. ಭಾವನವರು ಗಾಡಿಯ ಸುತ್ತ ಒಮ್ಮೆ ನಡೆದು, ಹಿಂದಿನ ಸೀಟಿನಲ್ಲಿ ಕುಳಿತು, “ಮೊದಲಿನಷ್ಟು ಕುಲುಕುವುದಿಲ್ಲ” ಎಂದರು. ಸಾರಿಗೆ ಕಚೇರಿಗೆ ಬರೆಯುವ ಅರ್ಜಿಯ ಕರಡನ್ನು ಈ ಭಾನುವಾರ ನಾವಿಬ್ಬರೂ ಕುಳಿತು ತಿದ್ದಬೇಕಾಗಿದೆ.