ಎಡಗಾಲಿಗೆ ಕೆಲಸವಿರಬೇಕೆ?

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬ ಗಾದೆಯನ್ನು ಕಟ್ಟಿದವರು ಜೀಪು ಏರಿದವರಲ್ಲ. ಆದರೂ ಹಳೆಯ ಜೀಪನ್ನು ಕೊಳ್ಳಹೊರಟವನಿಗೆ ಅಷ್ಟು ಚೆನ್ನಾಗಿ ಒಪ್ಪುವ ಮಾತು ಮತ್ತೊಂದಿಲ್ಲ. ವಾರದ ಐದು ದಿನ ವರ್ತೂರಿನಿಂದ ವೈಟ್‌ಫೀಲ್ಡಿಗೆ ಹೋಗಿಬರುವ ಗೃಹಸ್ಥನ ಕಣ್ಣು ಆರನೆಯ ದಿನದ ಮೇಲೆಯೇ ನೆಟ್ಟಿರುತ್ತದೆ. ಸಕಲೇಶಪುರದ ಕೆಸರು, ಕೊಡಚಾದ್ರಿಯ ಏರು, ಮಾಂದಲಪಟ್ಟಿಯ ಮಂಜು ಅವನ ಕನಸಿನಲ್ಲಿ ಸುಳಿಯುತ್ತವೆ. ಹೊಸ ಗಾಡಿಯನ್ನು ಕೊಳ್ಳುವಷ್ಟು ಹಣವಿಲ್ಲ. ಆದುದರಿಂದ ನಾಲ್ಕು ಚಕ್ರಗಳಿಗೂ ಬಲ ಹರಿಯುವ, ಬೇರೊಬ್ಬರು ಬಳಸಿ ಬಿಟ್ಟ ಗಾಡಿಯೊಂದನ್ನು ಅರಸಲು ತೊಡಗುತ್ತಾನೆ. ಆಗ ಮೊದಲು ಎದುರಾಗುವ ಪ್ರಶ್ನೆ ಇದು: ಕೈಗೇರೋ, ಸ್ವಯಂಚಾಲಿತ ಗೇರೋ?

ಪ್ರಶ್ನೆ ಬಹಳ ಹಳೆಯದಲ್ಲ. ಮಹೀಂದ್ರ ಸಂಸ್ಥೆ 1947ರಲ್ಲಿ ವಿಲ್ಲೀಸ್ ಜೀಪುಗಳನ್ನು ನಮ್ಮ ದೇಶದಲ್ಲಿ ಜೋಡಿಸಲಾರಂಭಿಸಿದಾಗಲಾಗಲಿ, 1985ರಲ್ಲಿ ಮಾರುತಿಯ ಜಿಪ್ಸಿ ಬಂದಾಗಲಾಗಲಿ, ಚಾಲಕನ ಎಡಗಾಲಿಗೆ ಬಿಡುವೆಂಬುದೇ ಇರಲಿಲ್ಲ. 2010ರ ಥಾರ್ ಕೂಡ ಕೈಗೇರಿನದೇ. 2020ರ ಅಕ್ಟೋಬರಿನಲ್ಲಿ ಬಂದ ಎರಡನೆಯ ತಲೆಮಾರಿನ ಥಾರ್ ಆರು ಮೆಟ್ಟಿಲುಗಳ ಕೈಗೇರಿನ ಜೊತೆಗೆ ಆರು ಮೆಟ್ಟಿಲುಗಳ ಸ್ವಯಂಚಾಲಿತ ಗೇರನ್ನೂ ನೀಡಿತು. 2023ರ ಜಿಮ್ನಿ ಐದು ಮೆಟ್ಟಿಲುಗಳ ಕೈಗೇರಿನಲ್ಲಿಯೂ ನಾಲ್ಕು ಮೆಟ್ಟಿಲುಗಳ ಸ್ವಯಂಚಾಲಿತ ಗೇರಿನಲ್ಲಿಯೂ ಬಂದಿತು. ಈ ಗಾಡಿಗಳು ಎರಡನೆಯ ಒಡೆಯನ ಮನೆಬಾಗಿಲಿಗೆ ಬರತೊಡಗಿದ ಮೇಲೆ ಆಯ್ಕೆಯೆಂಬ ತೊಡಕೂ ಜೊತೆಗೆ ಬಂದಿತು.

ಇವೆರಡರ ಭೇದವನ್ನು ತಿಳಿಯುವುದು ಕಷ್ಟವೇನಲ್ಲ. ಕೈಗೇರಿನ ಗಾಡಿಯಲ್ಲಿ ಎಂಜಿನಿಗೂ ಗೇರುಪೆಟ್ಟಿಗೆಗೂ ನಡುವೆ ಕ್ಲಚ್ಚಿನ ತಟ್ಟೆಯಿರುತ್ತದೆ. ಪೆಡಲನ್ನು ತುಳಿದರೆ ಸಂಬಂಧ ಕಡಿಯುತ್ತದೆ, ಬಿಟ್ಟರೆ ಕೂಡುತ್ತದೆ. ಅರ್ಧ ತುಳಿದು ಅರ್ಧ ಬಿಟ್ಟಾಗಲೆಲ್ಲ ತಟ್ಟೆ ಉಜ್ಜಿ ಸವೆಯುತ್ತದೆ. ಈ ಸ್ವಯಂಚಾಲಿತ ಗಾಡಿಗಳಲ್ಲಿ ತಟ್ಟೆಯ ಸ್ಥಾನದಲ್ಲಿ ಎಣ್ಣೆ ತುಂಬಿದ ಡಬ್ಬಿಯೊಂದುಂಟು. ಒಂದಕ್ಕೊಂದು ಮುಖಮಾಡಿದ ಎರಡು ಬೀಸಣಿಗೆಗಳಲ್ಲಿ ಒಂದು ತಿರುಗಿ ಎಣ್ಣೆಯನ್ನು ತಳ್ಳಿದರೆ ಆ ರಭಸಕ್ಕೆ ಇನ್ನೊಂದೂ ತಿರುಗುತ್ತದೆ. ಇದರ ಮೂಲತತ್ತ್ವಕ್ಕೆ ಜರ್ಮನಿಯ ಹರ್ಮನ್ ಫೋಟಿಂಗರ್ 1905ರಲ್ಲಿ ಹಕ್ಕುಪತ್ರ ಪಡೆದುದು ಹಡಗುಗಳಿಗಾಗಿ. ನೀರಿಗಾಗಿ ಹುಟ್ಟಿದ ವಿದ್ಯೆ ಕಡೆಗೆ ಬೆಟ್ಟವನ್ನು ಹತ್ತಿತು.

ಹತ್ತುವುದರಲ್ಲಿ ಅದರ ಹಿರಿಮೆಯನ್ನು ಅಲ್ಲಗಳೆಯಲಾಗದು. ಗಾಡಿ ನಿಂತಲ್ಲಿಂದ ಕದಲುವ ಕ್ಷಣದಲ್ಲಿ ಆ ಎಣ್ಣೆಯ ಡಬ್ಬಿ ಎಂಜಿನಿನ ತಿರುಚುಬಲವನ್ನು ಸುಮಾರು ಎರಡರಷ್ಟು ಹೆಚ್ಚಿಸಿ ಕೊಡುತ್ತದೆ. ಬಂಡೆಯೊಂದರ ಮೇಲೆ ಚಕ್ರ ನಿಂತಾಗ ಎಂಜಿನು ಆರಿಹೋಗುವ ಭಯವಿಲ್ಲ. ಹೊಸ ಚಾಲಕನ ಗಮನವೆಲ್ಲ ದಾರಿಯ ಮೇಲೆಯೇ ಇರಬಹುದು. ಇಳಿಜಾರಿನಲ್ಲಿ ಮಾತ್ರ ತಕ್ಕಡಿ ಕೈಗೇರಿನ ಕಡೆಗೆ ಬಾಗುತ್ತದೆ. ತಗ್ಗುವೇಗದ ಲಿವರನ್ನು ಹಾಕಿ ಮೊದಲ ಗೇರಿನಲ್ಲಿ ಬಿಟ್ಟರೆ ಎಂಜಿನೇ ಲಗಾಮಾಗಿ ಗಾಡಿಯನ್ನು ಹಿಡಿದಿಡುತ್ತದೆ. ಬ್ಯಾಟರಿ ಸತ್ತರೆ ನಾಲ್ಕು ಜನ ತಳ್ಳಿ ಎಬ್ಬಿಸಬಹುದು. ಸ್ವಯಂಚಾಲಿತ ಗಾಡಿಯನ್ನು ತಳ್ಳಿದವರಿಗೆ ಬೆವರೊಂದೇ ಲಾಭ. ಕೊಡಚಾದ್ರಿಗೂ ಮಾಂದಲಪಟ್ಟಿಗೂ ಜನರನ್ನು ಹೊತ್ತೊಯ್ದು ಹೊಟ್ಟೆ ಹೊರೆದ ಹಳೆಯ ಜೀಪುಗಳು ಕೈಗೇರಿನವು. ಊರಿನ ಮರದ ನೆರಳಿನಲ್ಲಿಯೇ ಬಿಚ್ಚಿ ಕಟ್ಟಬಹುದಾದ ಯಂತ್ರದ ಮೇಲೆ ದುಡಿಯುವವನಿಗೆ ನಂಬಿಕೆ ಹೆಚ್ಚು.

ಆದರೆ ಇದೆಲ್ಲವೂ ಆರನೆಯ ದಿನದ ಮಾತು. ಉಳಿದ ಐದು ದಿನ ಆ ಗಾಡಿ ಏರಬೇಕಾದುದು ವರ್ತೂರು ಕೋಡಿಯ ದಟ್ಟಣೆಯನ್ನು. ಕೆರೆಯ ಕೋಡಿಯಿಂದ ಹೆಸರು ಪಡೆದ ಆ ಕೂಡುದಾರಿಯಲ್ಲಿ ಈಗ ನೀರಿಗಿಂತ ಹೆಚ್ಚಾಗಿ ವಾಹನಗಳೇ ತುಂಬಿ ನಿಲ್ಲುತ್ತವೆ. ಹತ್ತು ಮಾರು ಸರಿದು ನಿಲ್ಲುವುದು, ಮತ್ತೆ ಹತ್ತು ಮಾರು ಸರಿಯುವುದು. ಅಲ್ಲಿ ಎಡಮಂಡಿಯ ನೋವು ಕಾವ್ಯದ ವಸ್ತುವಲ್ಲ. ಮನೆಯಲ್ಲಿ ಆ ಗಾಡಿಯನ್ನು ನಡೆಸುವವರು ಇನ್ನೊಬ್ಬರಿದ್ದರೆ ಅವರ ಮಂಡಿಯನ್ನೂ ಲೆಕ್ಕಕ್ಕೆ ಸೇರಿಸಬೇಕು. ದಿನನಿತ್ಯದ ಸುಖವೊಂದನ್ನೇ ನೋಡುವುದಾದರೆ ಸ್ವಯಂಚಾಲಿತವೇ ಗೆದ್ದಿತೆಂದು ಇಲ್ಲಿಯೇ ತೀರ್ಪು ಬರೆಯಬಹುದಿತ್ತು.

ತೀರ್ಪನ್ನು ತಡೆಹಿಡಿಯುವುದು 'ಹಳೆಯ' ಎಂಬ ಒಂದು ಪದ. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಹಳೆಯ ಗಾಡಿಯಲ್ಲಿ ಮಾಡಿದವನೊಬ್ಬ, ಉಣ್ಣುವವನು ಮತ್ತೊಬ್ಬ. ಹಿಂದಿನ ಒಡೆಯನೂ ಇದೇ ದಟ್ಟಣೆಯಲ್ಲಿ ಹೆಣಗಿದವನೇ. ಕೈಗೇರಿನ ಗಾಡಿ ಆ ಕಥೆಯನ್ನು ಬಾಯಿಬಿಟ್ಟು ಹೇಳುತ್ತದೆ. ಸಮತಟ್ಟಾದ ನೆಲದಲ್ಲಿ ಕೈಬ್ರೇಕು ಹಾಕಿ, ಮೂರನೆಯ ಗೇರಿನಲ್ಲಿಟ್ಟು ಕ್ಲಚ್ಚನ್ನು ಮೆಲ್ಲಗೆ ಬಿಡಬೇಕು. ಎಂಜಿನು ಆರಿಹೋದರೆ ತಟ್ಟೆಯಲ್ಲಿ ಹಿಡಿತವುಂಟು. ಆರದೆ ತಿರುಗುತ್ತಲೇ ಇದ್ದರೆ ತಟ್ಟೆ ಸವೆದಿದೆ. ಹೊಸ ತಟ್ಟೆಯ ಖರ್ಚು ಸಾವಿರಗಳ ಲೆಕ್ಕ; ಬೆಲೆಯಲ್ಲಿ ಅಷ್ಟನ್ನು ಕಳೆದು ಮಾತಾಡಬಹುದು.

ಸ್ವಯಂಚಾಲಿತ ಪೆಟ್ಟಿಗೆ ತನ್ನ ರೋಗವನ್ನು ಮುಚ್ಚಿಟ್ಟುಕೊಳ್ಳುತ್ತದೆ. ಅದರ ವೈರಿ ಕಾವು. ಮರಳಿನಲ್ಲಿ, ಕೆಸರಿನಲ್ಲಿ ಗಂಟೆಗಟ್ಟಲೆ ಒದ್ದಾಡಿಸಿದರೆ ಎಣ್ಣೆ ಸುಟ್ಟು, ಒಳಗಿನ ತಟ್ಟೆಗಳು ಜಾರತೊಡಗುತ್ತವೆ. ಒಮ್ಮೆ ಬಿಚ್ಚಿದರೆ ಲಕ್ಷದ ಮಾತೂ ಆಗಬಹುದು. ಆದುದರಿಂದ ಅದನ್ನು ಬೆಳಗಿನ ಹೊತ್ತು, ಎಂಜಿನು ತಣ್ಣಗಿರುವಾಗಲೇ ನೋಡತಕ್ಕದ್ದು. ಹಿಮ್ಮುಖದ ಗೇರಿಗಾಗಲಿ ಮುಮ್ಮುಖಕ್ಕಾಗಲಿ ಹಾಕಿದಾಗ ಹೊಡೆತವಾಗಲಿ ತಡವಾಗಲಿ ಇರಕೂಡದು. ಎಣ್ಣೆ ಕಪ್ಪಾಗಿ ಸುಟ್ಟ ವಾಸನೆ ಬಂದರೆ ನಮಸ್ಕಾರ ಹೇಳಿ ಹೊರಡುವುದೇ ಲೇಸು.

ವರ್ತೂರಿನ ಸುತ್ತ ಕೊಳ್ಳುವವನು ಇನ್ನೊಂದನ್ನು ಮರೆಯಲಾಗದು. 2022ರ ಸೆಪ್ಟೆಂಬರಿನ ಮಳೆಗೆ ಬೆಳ್ಳಂದೂರು, ವರ್ತೂರು, ಸರ್ಜಾಪುರ ರಸ್ತೆಯ ಆಸುಪಾಸು ಜಲಾವೃತವಾಗಿ, ಕಚೇರಿಗೆ ಹೋಗುವವರು ಟ್ರ್ಯಾಕ್ಟರನ್ನೇರಿ ಹೊರಟುದನ್ನು ನಾಡೇ ನೋಡಿತು. ಆಗ ಎಷ್ಟೋ ವಾಹನಗಳು ನಿಂತಲ್ಲೇ ಮುಳುಗಿದುವು. ಹೊಸ ಥಾರ್ 650 ಮಿಲಿಮೀಟರ್ ಆಳದ ನೀರನ್ನು ದಾಟಬಲ್ಲುದೆಂದು ತಯಾರಕರು ಹೇಳುತ್ತಾರೆ. ದಾಟುವುದು ಬೇರೆ, ಎರಡು ದಿನ ನೆನೆಯುವುದು ಬೇರೆ. ಗೇರುಪೆಟ್ಟಿಗೆಗೆ ಉಸಿರಾಡುವ ಕೊಳವೆಯೊಂದಿರುತ್ತದೆ. ಅದು ಮುಳುಗಿದರೆ ನೀರು ಒಳಸೇರಬಹುದು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಮಾತು ಇಲ್ಲಿ ಅಕ್ಷರಶಃ ನಿಜ: ಎಣ್ಣೆ ಹಾಲಿನಂತೆ ಕದಡಿದ್ದರೆ ಅದರಲ್ಲಿ ನೀರು ಸೇರಿದೆ. ಕೈಗೇರಿನ ಪೆಟ್ಟಿಗೆಯಾದರೆ, ಬೇಗ ಕಂಡುಹಿಡಿದಲ್ಲಿ ಎಣ್ಣೆ ಬದಲಿಸಿ ಬದುಕಿಸಬಹುದು. ಸ್ವಯಂಚಾಲಿತಕ್ಕೆ ಆ ನೀರು ವಿಷ. ಆಸನದ ಕಂಬಿಯ ತುಕ್ಕು, ನೆಲಹಾಸಿನಡಿಯ ಒಣಮಣ್ಣು, ವಿಮೆಯ ಹಳೆಯ ದಾಖಲೆ, ಈ ಮೂರನ್ನೂ ನೋಡದೆ ಮುಂಗಡ ಕೊಡಬಾರದು.

ಹೀಗಾಗಿ ಕೊಳ್ಳುವವನು ತನ್ನ ಕಾಲಿನ ಸುಖಕ್ಕಿಂತ ಮೊದಲು ಗಾಡಿಯ ಪೂರ್ವಚರಿತ್ರೆಯನ್ನು ತೂಗಬೇಕು. ಸೇವೆಯ ದಾಖಲೆಗಳೆಲ್ಲ ಸರಿಯಾಗಿದ್ದು, ನಂಬಿಕಸ್ಥ ಕುಶಲಕರ್ಮಿಯೊಬ್ಬ ಗಾಡಿಯನ್ನು ಎತ್ತಿನಿಲ್ಲಿಸಿ ಎಣ್ಣೆಯನ್ನು ಪರೀಕ್ಷಿಸಿ ಒಪ್ಪಿದರೆ, ವರ್ತೂರಿನ ನಿವಾಸಿಗೆ ಸ್ವಯಂಚಾಲಿತವೇ ಹಿತ. ದಾಖಲೆ ಹರಿದುಹೋಗಿದ್ದರೆ, ಒಡೆಯರು ಮೂವರು ಬದಲಾಗಿದ್ದರೆ, ಮಾರುವವನು ಪರೀಕ್ಷೆಗೆ ಹಿಂಜರಿದರೆ ಕೈಗೇರೇ ಕ್ಷೇಮ. ಮಂಡಿಯ ನೋವಿಗೆ ಭಾನುವಾರದ ವಿಶ್ರಾಂತಿಯಾದರೂ ಉಂಟು. ಕೂಡಿಟ್ಟ ಹಣವೆಲ್ಲ ಒಂದು ಪೆಟ್ಟಿಗೆಯೊಳಗೆ ಸುಟ್ಟುಹೋದ ಮನೆಗೆ ಆರನೆಯ ದಿನವೂ ಇಲ್ಲ, ಬೆಟ್ಟವೂ ಇಲ್ಲ.